ನಾಲ್ಕನೆಯ ಕೈ

ಜನವರಿ ೯

ಅಪ್ಪ,

ಕೊನೆಗೂ ಶುರು ಮಾಡಿದೆವು. ಬಸ್ ಡಿಪೋದ ಹಿಂಬದಿ ಗೇಟಿನ ಎದುರು, ಮುಚ್ಚಿಹೋದ ಟೈರ್ ಅಂಗಡಿಯ ತಗಡಿನ ಶೀಟಿನ ಕೆಳಗೆ ನಮ್ಮ ಬಾರ್ಬೆಕ್ಯೂ ಅಂಗಡಿ. ನಗಬೇಡ. ಮೂವತ್ತು ವರ್ಷ ಇನ್ನೊಬ್ಬರ ಹೋಟೆಲಿನಲ್ಲಿ ಮಾಂಸ ಸುಟ್ಟವನ ಮಗಳು ಸುತ್ತಿ ಬಳಸಿ ಅದೇ ಕೆಲಸಕ್ಕೆ ಬಂದಳು ಎಂದುಕೊಳ್ಳಬೇಡ. ಇದು ಅದೇ ಕೆಲಸವಲ್ಲ. ಇಲ್ಲಿ ಯಜಮಾನನಿಲ್ಲ.

ನಾವು ನಾಲ್ವರು. ಕಾರ್ಖಾನೆಯಿಂದ ನನ್ನ ಜೊತೆಗೇ ಹೊರಬಿದ್ದ ವೆಲ್ಡರ್ ಅಣ್ಣ. ಎಣ್ಣೆ ಡ್ರಮ್ಮನ್ನು ಉದ್ದಕ್ಕೆ ಸೀಳಿ, ನಾಲ್ಕು ಕಾಲು ಕೊಟ್ಟು, ಜಾಲರಿ ಕೂರಿಸಿದವನು ಅವನೇ. ನನ್ನ ಕೋಣೆಯ ಕೆಳಗಿನ ಮನೆಯ ಹೊಲಿಗೆಯಕ್ಕ. ಬಟ್ಟೆ ಕತ್ತರಿಸಿದಷ್ಟೇ ಸಲೀಸಾಗಿ ಕೋಳಿಯನ್ನೂ ಬಿಡಿಸುತ್ತಾಳೆ. ಮತ್ತೆ ಮೇಷ್ಟ್ರು. ನನ್ನ ಕೈಗೆ ಮೊದಲ ಕರಪತ್ರ ಇಟ್ಟವರು, ಅದೇ ಕರಪತ್ರಗಳಿಂದಾಗಿ ಶಾಲೆಯಿಂದ ಹೊರಹಾಕಿಸಿಕೊಂಡವರು.

ನಮ್ಮ ಕಟ್ಟಳೆಗಳನ್ನು ನಾನೇ ಬರೆದು ಗೋಡೆಗೆ ಅಂಟಿಸಿದ್ದೇನೆ. ಗಂಟೆಗೊಮ್ಮೆ ಕೆಲಸ ಬದಲಾಗಬೇಕು. ಬೆಂಕಿಯ ಮುಂದೆ ನಿಂತವರು ಮುಂದಿನ ಗಂಟೆ ತಟ್ಟೆ ತೊಳೆಯಬೇಕು. ಬಂದದ್ದರಲ್ಲಿ ಎಲ್ಲರಿಗೂ ಸಮಪಾಲು. ಯಾವುದೇ ತೀರ್ಮಾನಕ್ಕೆ ನಾಲ್ಕು ಕೈಗಳೂ ಮೇಲೇಳಬೇಕು. ಒಂದು ಕೈ ಕೆಳಗುಳಿದರೂ ಆ ಮಾತು ಬಿದ್ದುಹೋಯಿತು. ಬಹುಮತ ಸಾಲದೇ ಎಂದು ಮೇಷ್ಟ್ರು ಕೇಳಿದರು. ಬಹುಮತವೆಂದರೆ ಮೂವರು ಸೇರಿ ಒಬ್ಬರ ಬಾಯಿ ಮುಚ್ಚಿಸುವುದು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ನನಗೆ ಒಂಬತ್ತು ವರ್ಷವಿದ್ದಾಗ ನಿನಗೆ ಊಟದ ಡಬ್ಬಿ ತಂದಿದ್ದೆ. ನಿನ್ನ ದಣಿ ಕರಕಲಾದ ಕೋಳಿ ತೊಡೆಯೊಂದನ್ನು ಗಿರಾಕಿಗಳೆಲ್ಲ ನೋಡುವಂತೆ ನಿನ್ನ ಎದೆಗೆ ಎಸೆದ. ನೀನು ಬಗ್ಗಿ ಅದನ್ನು ಎತ್ತಿಕೊಂಡು "ಸರಿ ದಣಿ" ಎಂದೆ. ಆಮೇಲೆ ನಾನು ಓದಿದ್ದೆಲ್ಲ ಆ "ಸರಿ ದಣಿ"ಗೆ ಉತ್ತರ ಹುಡುಕುವುದಕ್ಕೇ.

ಒಂದು ವಿಷಯ ಮಾತ್ರ ಯಾವ ಕರಪತ್ರದಲ್ಲೂ ಇಲ್ಲ. ಕೆಂಡ ಹದಕ್ಕೆ ಬಂದಿದೆಯೆಂದು ಗೊತ್ತಾಗುವುದು ಹೇಗೆ? ಅಷ್ಟನ್ನು ಬರೆ.

ತಲೆ ಎತ್ತಿ ನಿಂತಿರುವ
ನಿನ್ನ ಜಗಳಗಂಟಿ


ಜನವರಿ ೨೧

ಮಗಳೇ,

ದಣಿಗಳ ಕೃಪೆಯಿಂದ ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ಹೊಗೆ ತಿಂದು ತಿಂದು ನನ್ನ ಕಣ್ಣುಗಳಿಗೆ ಈಗ ಅಕ್ಷರ ನಿಲುಕುವುದಿಲ್ಲ. ನಿನ್ನ ಪತ್ರವನ್ನು ಓದಿ ಹೇಳಿದವರು ನಮ್ಮ ಹೋಟೆಲಿನ ಕೌಂಟರಿನವರು. ಇದನ್ನು ಬರೆದುಕೊಡುತ್ತಿರುವವರೂ ಅವರೇ. ದಣಿಗಳ ವಿಚಾರವಾಗಿ ನೀನು ಬರೆದ ಭಾಗ ಬಂದಾಗ ಅವರಿಗೆ ಕೆಮ್ಮು ಬಂತು. ಇನ್ನು ಮೇಲೆ ನೋಡಿಕೊಂಡು ಬರೆಯುವುದು.

ಇದ್ದಿಲು ಹೊತ್ತಿಕೊಂಡ ಕೂಡಲೇ ಮಾಂಸ ಹಾಕಬಾರದು. ಕೆಂಡದ ಮೇಲೆ ಬಿಳಿ ಬೂದಿ ಕಟ್ಟುವವರೆಗೆ ಕಾಯಬೇಕು. ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿದು ಎಣಿಸಬೇಕು. ಮೂರಕ್ಕೇ ಕೈ ಹಿಂದೆ ಬಂದರೆ ಬಿಸಿ ಜಾಸ್ತಿ. ಐದರವರೆಗೆ ತಾಳಿದರೆ ಕೋಳಿ ಹಾಕಬಹುದು. ಪಕ್ಕೆಲುಬಿಗೆ ಎಂಟು. ಕೆಂಡವನ್ನೆಲ್ಲ ಒಂದೇ ಸಮ ಹರಡದೆ ಒಂದು ಬದಿಗೆ ತಳ್ಳಬೇಕು. ಕೊಬ್ಬು ಬಿದ್ದು ಜ್ವಾಲೆ ಎದ್ದಾಗ ಮಾಂಸವನ್ನು ಸರಿಸುವುದಕ್ಕೆ ಇನ್ನೊಂದು ಬದಿ ಬೇಕು. ಬಣ್ಣ ಬಳಿದ ಮರ ಖಂಡಿತ ಬೇಡ.

ಗಂಟೆಗೊಮ್ಮೆ ಆಳು ಬದಲಾಯಿಸುವ ವಿಚಾರ ಸರಿಯಲ್ಲ. ಒಬ್ಬರು ಎಬ್ಬಿಸಿದ ಬೆಂಕಿಯ ಗುಣ ಇನ್ನೊಬ್ಬರಿಗೆ ಅರ್ಥವಾಗುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ.

ಹೊಟ್ಟೆಗೆ ಸರಿಯಾಗಿ ತಿನ್ನು.

ಇಂತು ನಿನ್ನ ಹಿತ ಬಯಸುವ
ತಂದೆ


ಫೆಬ್ರವರಿ ೬

ಅಪ್ಪ,

"ಇಂತು ನಿನ್ನ ಹಿತ ಬಯಸುವ ತಂದೆ" ಯಾರು? ಆ ಕೌಂಟರಿನವನಾ? ನಾನು ಹುಟ್ಟಿದಾಗಿನಿಂದ ನೀನು "ಬರೆಯುವುದು" "ಹೇಳುವುದು" ಎಂದು ಮಾತಾಡಿದ್ದನ್ನು ಕೇಳಿಲ್ಲ. ಅವನಿಗೆ ಕೆಮ್ಮು ಬಂದರೆ ಬರಲಿ. ಸಿರಪ್ ಕುಡಿಯಲಿ.

ಬಣ್ಣದ ಮರದ ಮಾತು ತಡವಾಗಿ ಬಂತು. ಮಾರುಕಟ್ಟೆಯ ಹಿಂದೆ ಬಿದ್ದಿದ್ದ ಹಣ್ಣಿನ ಪೆಟ್ಟಿಗೆಗಳನ್ನು ಮುರಿದು ಹಾಕಿದ್ದೆವು. ಮೊದಲ ದಿನ ತಿಂದವರೆಲ್ಲ ಸೀಮೆಎಣ್ಣೆ ಕುಡಿದವರಂತೆ ಮುಖ ಮಾಡಿದರು. ಈಗ ಬರೀ ಇದ್ದಿಲು.

ಕೋಳಿ ಬೆಂದಿದೆಯೇ ಇಲ್ಲವೇ ಎನ್ನುವುದೂ ತೀರ್ಮಾನವೇ ಅಲ್ಲವೇ? ಹಾಗಾಗಿ ಅದಕ್ಕೂ ಕೈ ಎತ್ತುತ್ತಿದ್ದೆವು.

"ಬೆಂದಿದೆ," ಎಂದ ವೆಲ್ಡರ್.

"ಮೂಳೆ ಹತ್ತಿರ ಇನ್ನೂ ಕೆಂಪಿದೆ ಕಣೋ," ಎಂದಳು ಹೊಲಿಗೆಯಕ್ಕ.

"ಎರಡೂ ಕಡೆಯ ವಾದ ಕೇಳೋಣ," ಎಂದರು ಮೇಷ್ಟ್ರು.

ಸಾಲಿನಲ್ಲಿದ್ದ ಬಸ್ ಡ್ರೈವರ್ ಒಬ್ಬ ಗಡಿಯಾರ ನೋಡಿಕೊಂಡು, "ಏನ್ರಮ್ಮಾ, ಕೋಳಿಗೆ ಚುನಾವಣೆ ನಡೀತಿದ್ಯಾ? ಫಲಿತಾಂಶ ಬರೋಷ್ಟರಲ್ಲಿ ನನ್ನ ಬಸ್ಸು ಹೋಗಿರುತ್ತೆ," ಎಂದ. ನಾಲ್ಕನೆಯ ಕೈ ಎದ್ದಾಗ ಕೋಳಿ ಇದ್ದಿಲಾಗಿತ್ತು. ನಾನೂ ನಕ್ಕೆ, ನಿಜ. ಈಗ ಬೆಂಕಿಯ ಮುಂದೆ ನಿಂತವರ ಮಾತೇ ಆ ಗಂಟೆಯ ಮಟ್ಟಿಗೆ ಕೊನೆಯದು.

ಆದರೆ ಗಂಟೆಗೊಮ್ಮೆ ಬದಲಾಗುವುದನ್ನು ಬಿಡುವುದಿಲ್ಲ. ಬೆಂಕಿಯ ಗುಣ ಒಬ್ಬನಿಗೇ ಗೊತ್ತು ಎನ್ನುವಲ್ಲಿಂದಲೇ ದಣಿ ಹುಟ್ಟುತ್ತಾನೆ. ಇದನ್ನು ಓದುತ್ತಿರುವ ಕೌಂಟರಿನವರೇ, ಈ ಸಾಲನ್ನು ಗಟ್ಟಿಯಾಗಿ ಓದಿ.

ಜಗಳಗಂಟಿ


ಮಾರ್ಚ್ ೧೮

ಅಪ್ಪ,

ಅಂಗೈ ಎಣಿಕೆ ನಾಲ್ವರಿಗೂ ಬಂತು. ವೆಲ್ಡರ್ ಅಣ್ಣ ಹತ್ತರವರೆಗೂ ತಾಳುತ್ತಾನೆ. ಅದು ಬೆಂಕಿಯ ತಪ್ಪಲ್ಲ, ಅವನ ಚರ್ಮದ್ದು.

ನೀನು ನೋಡಬೇಕಿತ್ತು. ಡಿಪೋದಲ್ಲಿ ಪಾಳಿ ಬದಲಾಗುವುದು ಹನ್ನೊಂದಕ್ಕೆ, ಮೂರಕ್ಕೆ, ಸಂಜೆ ಆರಕ್ಕೆ. ಆ ಮೂರು ಹೊತ್ತೂ ಸಾಲು ಪಾಸ್ ಕೊಡುವ ಕಿಟಕಿಯವರೆಗೆ ಬೆಳೆಯುತ್ತದೆ. ಈ ಕಡೆ ಬೇರೆ ಊಟದ ಅಂಗಡಿಯೇ ಇಲ್ಲ. ಎದುರುಗಡೆ ಪೀಠೋಪಕರಣದ ದೊಡ್ಡ ಅಂಗಡಿಯಿತ್ತು, ಖಾಲಿ ಮಾಡಿಕೊಂಡು ಹೋಗಿದ್ದಾರೆ. ಬಾಡಿಗೆಗೆ ಯಾರೂ ಬಂದಿಲ್ಲ. ಅದರ ಮೆಟ್ಟಿಲುಗಳ ಮೇಲೆ ನಮ್ಮ ಗಿರಾಕಿಗಳು ಕೂತು ತಿನ್ನುತ್ತಾರೆ. ಇಷ್ಟು ಜನ ಬರುವ ಜಾಗದಲ್ಲಿ ಯಜಮಾನರಿಲ್ಲದೆ ನಾಲ್ವರು ನಿಂತಿದ್ದೇವೆ ಎಂದು ನಿನ್ನ ದಣಿಗೂ ಓದಿ ಹೇಳಲಿ. ಹೊಟ್ಟೆ ಉರಿದುಕೊಳ್ಳಲಿ.

ಬಂದು ನೋಡು. ರಜೆ ಕೊಡ್ತೀರಾ ಎಂದು ಕೇಳಬೇಡ. ಬರುತ್ತೇನೆ ಎಂದು ಹೇಳಿ ಬಾ.

ಜಗಳಗಂಟಿ


ಏಪ್ರಿಲ್ ೨೯

ಅಪ್ಪ,

ನೀನು ಬಂದು ಹೋಗಿ ಹನ್ನೆರಡು ದಿನವಾಯಿತು. ಬಸ್ಸು ಹತ್ತಿಸುವಾಗ ನಾನು ಮಾತಾಡಲಿಲ್ಲ. ಏಕೆಂದು ಈಗ ಬರೆಯುತ್ತೇನೆ.

ಎರಡನೆಯ ದಿನ ಹನ್ನೊಂದು ಗಂಟೆಗೆ ನಿನ್ನ ಕೈಗೆ ಇಕ್ಕಳ ಕೊಟ್ಟೆವು. ಹನ್ನೆರಡಕ್ಕೆ ವೆಲ್ಡರ್ ಅಣ್ಣ, "ಯಜಮಾನ್ರೇ, ಗಂಟೆ ಆಯ್ತು, ಬಿಡಿ," ಎಂದ. "ಇದೊಂದು ಸಲ ಮಗುಚ್ತೀನಿ ಇರಪ್ಪ," ಎಂದೆ ನೀನು. ಮೂರು ಗಂಟೆಯ ಪಾಳಿಯೂ ಮುಗಿಯಿತು. ನೀನು ಇಕ್ಕಳ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡೇ ನಿಂತಿದ್ದೆ. ಕೊಬ್ಬು ಬೀಳುವ ಸದ್ದು ಕೇಳಿ ತುಂಡುಗಳನ್ನು ಆ ಬದಿಯಿಂದ ಈ ಬದಿಗೆ ಸರಿಸುತ್ತಿದ್ದೆ, ಒಂದೂ ಕರಕಲಾಗಲಿಲ್ಲ. ತಿಂದವರು ಎರಡನೇ ಸಲ ಸಾಲಿಗೆ ಬಂದರು. "ಯಜಮಾನ್ರೇ, ಇನ್ನೊಂದು ಪ್ಲೇಟು!" ಎಂದು ಸಾಲಿನಿಂದ ಕೂಗಿದರು. "ಬಂತು, ಬಂತು," ಎಂದೆ ನೀನು. ಇಲ್ಲಿ ಯಜಮಾನರಿಲ್ಲ ಎಂದು ಒಂದು ಸಲವಾದರೂ ಹೇಳುತ್ತೀಯೇನೋ ಎಂದು ನಾನು ತಟ್ಟೆ ತೊಳೆಯುತ್ತ ಕಾದೆ.

ನೀನು ಹೋದ ಮಾರನೆಯ ದಿನ ಮೂರು ಜನ ಕೇಳಿದರು, "ನಿನ್ನೆ ಇದ್ದ ಹಿರಿಯರು ಎಲ್ಲಿ?" "ಬೆಂಕಿ ಅವರ ಮಾತು ಕೇಳುತ್ತೆ ಕಣೇ," ಎಂದಳು ಹೊಲಿಗೆಯಕ್ಕ. ಬೆಂಕಿ ಯಾರ ಮಾತನ್ನೂ ಕೇಳುವುದಿಲ್ಲ, ಜನ ಕೇಳುತ್ತಾರೆ ಎಂದೆ.

ಕಣ್ಣಿಗೆ ಡಾಕ್ಟರ ಹತ್ತಿರ ಹೋಗು.

ಜಗಳಗಂಟಿ


ಮೇ ೧೪

ಮಗಳೇ,

ನನ್ನನ್ನೂ ನಿಮ್ಮ ಜೊತೆ ಸೇರಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತಿದ್ದೇನೆ. ನಿಮ್ಮ ಕಟ್ಟಳೆಗಳಿಗೆ ಒಪ್ಪುತ್ತೇನೆ. ಗಂಟೆಯಾದ ಕೂಡಲೇ ಇಕ್ಕಳ ಕೊಡುತ್ತೇನೆ. ತಟ್ಟೆ ತೊಳೆಯುತ್ತೇನೆ. ಯಾರಾದರೂ ಯಜಮಾನ್ರೇ ಎಂದರೆ ಅಲ್ಲ ಎನ್ನುತ್ತೇನೆ. ಮಲಗಲು ಒಂದು ಮೂಲೆ ಸಾಕು.

ತೀರ್ಮಾನ ಬೇಗ ಆಗಬೇಕು. ಈ ತಿಂಗಳೊಳಗೇ ಆಗಬೇಕು. ಕಾರಣವನ್ನು ಎದುರಿಗೆ ಹೇಳುತ್ತೇನೆ.

ಇನ್ನು ಮುಂದೆ ಅಂಗಡಿ, ಗಿರಾಕಿ, ಹೊತ್ತು ಇವನ್ನೆಲ್ಲ ಬರೆಯುವುದು ಬೇಡ. ನೀನು ಚೆನ್ನಾಗಿದ್ದೀಯ ಎಂದಷ್ಟೇ ಬರೆದರೆ ಸಾಕು.

ತಂದೆ


ಮೇ ೨೫

ಅಪ್ಪ,

ನನ್ನ ಗೆಲುವಿನ ಸುದ್ದಿ ಕೇಳುವುದೂ ನಿನಗೆ ಬೇಡವಾಯಿತು. ಆಗಲಿ. ಚೆನ್ನಾಗಿದ್ದೇನೆ.

ನಿನ್ನ ಕೋರಿಕೆಯನ್ನು ಭಾನುವಾರ ಬೆಳಗ್ಗೆ, ಬೆಂಕಿ ಹಚ್ಚುವ ಮೊದಲು, ಸಭೆಯ ಮುಂದಿಟ್ಟೆ. ಮಗಳೆಂದು ಒಂದು ಅಕ್ಷರವನ್ನೂ ಮುಚ್ಚಿಡಲಿಲ್ಲ. ಪತ್ರವನ್ನು ಪೂರ್ತಿ ಓದಿದೆ. ಓದಿ ಮುಗಿಸುವ ಮೊದಲೇ ವೆಲ್ಡರ್ ಅಣ್ಣನ ಕೈ ಎದ್ದಿತ್ತು. ಹೊಲಿಗೆಯಕ್ಕ ಎತ್ತಿದಳು. ಮೇಷ್ಟ್ರು ನನ್ನ ಮುಖ ನೋಡಿ ನಿಧಾನವಾಗಿ ಎತ್ತಿದರು.

ಕೆಳಗುಳಿದ ಕೈ ನನ್ನದು.

"ಹುಚ್ಚಾ ನಿಂಗೆ? ನಿಮ್ಮಪ್ಪ ಕಣೇ!" ಎಂದಳು ಹೊಲಿಗೆಯಕ್ಕ.

"ಅದಕ್ಕೇ," ಎಂದೆ. ಇವತ್ತು ನನ್ನಪ್ಪ ಬಂದರೆ ನಾಳೆ ಹೊಲಿಗೆಯಕ್ಕನ ತಮ್ಮ, ನಾಡಿದ್ದು ವೆಲ್ಡರ್ ಅಣ್ಣನ ಭಾವ. ಆಮೇಲೆ ಇದು ಸಂಘವಲ್ಲ, ಸಂಸಾರ. ಸಂಸಾರದಲ್ಲಿ ಒಬ್ಬ ಹಿರಿಯನಿರುತ್ತಾನೆ, ಉಳಿದವರು ಅವನಿಗೆ ತಟ್ಟೆ ತೊಳೆಯುತ್ತಾರೆ. ಇಕ್ಕಳ ಕೊಡುತ್ತೇನೆ ಎಂದು ನೀನು ಬರೆಸಿದ್ದೀಯ, ನಂಬುತ್ತೇನೆ. ಆದರೆ ಅವರು ತೆಗೆದುಕೊಳ್ಳುವುದಿಲ್ಲ, ಅಪ್ಪ. ನಿನ್ನ ಕೈಯಿಂದ ಇಸಿದುಕೊಳ್ಳಲು ಈಗಾಗಲೇ ಅವರಿಗೆ ನಾಚಿಕೆ. ನನ್ನ ಭಯವಿದ್ದದ್ದು ಅಲ್ಲಿ.

ಇದನ್ನು ಬೇರೆಯವರಿಂದ ನೀನು ತಿಳಿಯಬಾರದು ಎಂದು ನಾನೇ ಬರೆಯುತ್ತಿದ್ದೇನೆ.

ಜಗಳಗಂಟಿ


ಜೂನ್ ೪

ಮಗಳೇ,

ಪತ್ರ ತಲುಪಿತು. ವಿಷಯ ತಿಳಿಯಿತು.

ತಂದೆ


ಜುಲೈ ೨೦

ಅಪ್ಪ,

ನಿನಗೆ ಅಂಚೆಯಲ್ಲಿ ಬರೆಯುತ್ತಿದ್ದೇನೆ. ರಸ್ತೆ ದಾಟಿದರೆ ಮೂವತ್ತು ಹೆಜ್ಜೆ. ದಾಟುವುದಿಲ್ಲ.

ಹದಿನೈದು ದಿನ ಎದುರಿನ ಅಂಗಡಿಯೊಳಗೆ ಗಾರೆ ಕೆಲಸ ನಡೆಯಿತು. ಹಾಸಿಗೆ ಅಂಗಡಿಯಂತೆ ಎಂದ ವೆಲ್ಡರ್ ಅಣ್ಣ. ಬ್ಯಾಂಕು ಎಂದರು ಮೇಷ್ಟ್ರು. ಸೋಮವಾರ ಬೋರ್ಡು ಏರಿತು. ಆ ಹೆಸರನ್ನು ನಾನು ಚಿಕ್ಕಂದಿನಿಂದ ನಿನ್ನ ಅಂಗಿಯ ಜೇಬಿನ ಮೇಲೆ ಓದುತ್ತ ಬೆಳೆದವಳು. ಹೊಗೆ ಹೀರುವ ಕೊಳವೆ, ಗಾಜಿನ ಬಾಗಿಲು, ಕೂತು ತಿನ್ನಲು ಕುರ್ಚಿ, ಫ್ಯಾನು. ಮಂಗಳವಾರ ವ್ಯಾನಿನಿಂದ ನಿನ್ನ ದಣಿ ಇಳಿದ. ಆಮೇಲೆ ನೀನು ಇಳಿದೆ, ಬಟ್ಟೆಯಲ್ಲಿ ಸುತ್ತಿದ ಇಕ್ಕಳ ಕಂಕುಳಲ್ಲಿಟ್ಟುಕೊಂಡು. ಅವನು ಏನೋ ಹೇಳಿದ. ನೀನು ತಲೆಯಾಡಿಸಿದೆ. ಏನು ಹೇಳಿರುತ್ತೀಯ ಎಂದು ನನಗೆ ಕೇಳಿಸದಿದ್ದರೂ ಗೊತ್ತು.

ಈ ಕಡೆ ಒಂದು ಸಲ ತಿರುಗಿಯೂ ನೋಡಲಿಲ್ಲ.

ನಾಲ್ಕು ದಿನದಲ್ಲಿ ನಮ್ಮ ಸಾಲು ಅರ್ಧವಾಯಿತು. ಹೋಗುವವರನ್ನು ನಾನು ಬೈಯುವುದಿಲ್ಲ. ಅವರು ಹಸಿದ ಜನ, ನೀನು ಸುಡುವುದು ಚೆನ್ನಾಗಿದೆ. ನಾನು ಬೈಯುವುದು ನಿನ್ನನ್ನು. ಮೇ ತಿಂಗಳಲ್ಲಿ ನಮ್ಮ ಜೊತೆ ಸೇರುತ್ತೇನೆ ಎಂದೆ, ಜುಲೈಯಲ್ಲಿ ನಮ್ಮೆದುರೇ ನಿಂತೆ. ನಾನು ಕೈ ಎತ್ತದೆ ಇದ್ದದ್ದು ಸರಿಯಾಯಿತು. ಇದಕ್ಕೆ ದ್ರೋಹವೆನ್ನದೆ ಬೇರೆ ಯಾವ ಮಾತೂ ನನಗೆ ಗೊತ್ತಿಲ್ಲ.

ಸಹಿ ಹಾಕುವುದಿಲ್ಲ. ಯಾರು ಬರೆದದ್ದೆಂದು ನಿನ್ನ ಕೌಂಟರಿನವನಿಗೆ ಅಕ್ಷರ ನೋಡಿದರೇ ತಿಳಿಯುತ್ತದೆ.


ಜುಲೈ ೨೭

ಮಗಳೇ,

ಇದನ್ನ ಬರೀತಿರೋದು ಕೌಂಟರಿನವನಲ್ಲ. ನನ್ನ ರೂಮಿನ ಕೆಳಗೆ ಇಸ್ತ್ರಿ ಅಂಗಡಿ ಇದೆ, ಅಲ್ಲಿನ ಅಕ್ಕ. ನಾನು ಹೇಗೆ ಹೇಳ್ತೀನೋ ಹಾಗೇ ಬರೀಮ್ಮಾ, ಚಂದ ಮಾಡ್ಬೇಡ ಅಂದಿದೀನಿ. ನಿನ್ನ ಕಾಗದಾನೂ ಈ ಸಲ ಅವಳೇ ಓದಿದ್ದು. ಎಲ್ಲಾ ಓದಿದಳು. ಒಂದು ಮಾತು ಬಂದಾಗ ನಿಲ್ಲಿಸಿದ್ಲು. ಓದು ಅಂದೆ.

ನಿನ್ನ ಕಾಗದಗಳನ್ನ ಅವನು ಓದ್ತಿದ್ದದ್ದು ಕೌಂಟರಲ್ಲೇ ಕಣಮ್ಮಾ. ಪಕ್ಕದ ಕುರ್ಚೀಲಿ ದಣಿ ಕೂತಿರ್ತಿದ್ರು. ಮೊದಮೊದಲು ನಗೋರು. ಕೋಳಿ ಚುನಾವಣೆ ವಿಷಯಾನ ಬಂದೋರಿಗೆಲ್ಲ ಹೇಳೋರು. ಮಾರ್ಚಲ್ಲಿ ನೀನು ಪಾಳಿ ಹೊತ್ತು, ಸಾಲು, ಎದುರಿನ ಖಾಲಿ ಅಂಗಡಿ ಅಂತ ಬರೆದ್ಯಲ್ಲ, ಅವತ್ತು ನಗಲಿಲ್ಲ. ಇನ್ನೊಂದು ಸಲ ಓದು ಅಂದ್ರು. ಬಿಲ್ಲಿನ ಹಿಂದೆ ಬರ್ಕೊಂಡ್ರು.

ನಿನ್ನ ಹತ್ರ ಬಂದಾಗ ನಂಗೆ ಏನೂ ಗೊತ್ತಿರಲಿಲ್ಲ. ವಾಪಸ್ ಹೋದ ಮೇಲೆ ಗೊತ್ತಾಯ್ತು, ದಣಿ ನಿಮ್ಮೆದುರಿನ ಅಂಗಡಿ ನೋಡೋಕೆ ಹೊರಟಿದಾರೆ ಅಂತ. ನಿಂಗೆ ಹೇಗೆ ಹೇಳ್ಲಿ? ಪೆನ್ನು ಅವನ ಕೈಯಲ್ಲಿ. ಫೋನು ಅವನ ಮೇಜಿನ ಮೇಲೆ. ಬೇರೆ ಯಾರ ಹತ್ರಾನಾದ್ರೂ ಬರೆಸಬಹುದಿತ್ತು ಅಂತ ಈಗ ಅನ್ಸುತ್ತೆ. ಆಗ ತಲೆ ಓಡಲಿಲ್ಲ. ನಿನ್ನ ಜೊತೆ ಸೇರ್ಕೊಂಡ್ರೆ ಮುಗೀತು ಅನ್ಕೊಂಡೆ. ಹೊಸ ಅಂಗಡೀಲಿ ಬೆಂಕಿ ಮುಂದೆ ನಿಲ್ಲೋಕೆ ದಣಿ ಹತ್ರ ನನ್ನ ಬಿಟ್ಟು ಇನ್ನೊಬ್ಬ ಇಲ್ಲ. ನಾನು ಬಿಟ್ಟು ಬಂದಿದ್ರೆ ಅವ್ರು ಆ ಬಾಗಿಲು ತೆಗೀತಿರಲಿಲ್ಲ. ಅಪ್ಪ ಕೇಳಿದ್ರೆ ಮಗಳು ಇಲ್ಲ ಅನ್ನಲ್ಲ ಅಂತ, ಅದೊಂದೇ ಧೈರ್ಯ.

ನೀನು ಕೈ ಎತ್ತಲಿಲ್ಲ ಅನ್ನೋದನ್ನೂ ಅವನೇ ಓದಿದ. ದಣಿ ಎರಡು ಸಲ ಓದಿಸಿದ್ರು.

ಈ ಕಡೆ ನೋಡಲಿಲ್ಲ ಅಂತ ಬರೆದಿದೀಯ. ನೋಡಿದೆ. ರಸ್ತೆ ಆಚೆ ಬೆಳ್ಳಗೆ ಒಂದಿಷ್ಟು ಹೊಗೆ ಕಾಣ್ತು. ಅದರಲ್ಲಿ ನೀನು ಯಾವುದು ಅಂತ ಗೊತ್ತಾಗಲಿಲ್ಲ.

ಕೆಟ್ಟದಾಗಿ ಸುಡೋಣ ಅಂತಾನೂ ಯೋಚ್ನೆ ಮಾಡಿದೆ. ಎರಡು ದಿನ ನೋಡಿದೆ. ಕೈ ಕೇಳಲ್ಲ. ಮಾಂಸ ಸೀಯೋ ವಾಸನೆ ಬಂದ ತಕ್ಷಣ ತಾನೇ ಮಗುಚಿ ಹಾಕುತ್ತೆ. ನಂಗೆ ಬರೋದು ಇದೊಂದೇ. ಇನ್ನು ಎಲ್ಲಿಗೆ ಹೋಗ್ಲಿ, ಹೇಳು.

ಅಕ್ಕ ಸಾಕು ಅಂತಿದಾಳೆ, ಇಸ್ತ್ರಿಗೆ ಜನ ಬಂದಿದಾರೆ.

ಅಪ್ಪ


ಸೆಪ್ಟೆಂಬರ್ ೩೦

ಅಪ್ಪ,

ಈ ಪತ್ರವನ್ನು ಇಸ್ತ್ರಿ ಅಕ್ಕನ ಕೈಗೇ ಕೊಡುತ್ತೇನೆ. ಅವರು ಓದಿ ಹೇಳಲಿ.

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ನಾನು ವಾದಕ್ಕೆ ಇಳಿಯುತ್ತಿದ್ದೆ. ಹನ್ನೊಂದು ಹಾಳೆ ಹರಿದು ಹಾಕಿದ್ದೇನೆ. ಪ್ರತಿಯೊಂದರಲ್ಲೂ ಗೆದ್ದವಳು ನಾನೇ.

ನಿನ್ನ ಜುಲೈ ಪತ್ರವನ್ನು ಉಳಿದ ಮೂವರಿಗೂ ಓದಿ ಹೇಳಿದೆ. ಬೈಯಲಿ ಎಂದು ಕಾದೆ. ವೆಲ್ಡರ್ ಅಣ್ಣ ಎದ್ದು ಹೋಗಿ ಜಾಲರಿ ಉಜ್ಜತೊಡಗಿದ. ಹೊಲಿಗೆಯಕ್ಕ, "ಬೆಂಕಿ ಹಚ್ಚೋ ಹೊತ್ತಾಯ್ತು," ಎಂದಳು, ಅಷ್ಟೇ. ಆ ದಿನ ಹನ್ನೆರಡು ಪ್ಲೇಟು ಹೋದವು. ಆಗಸ್ಟಿನಲ್ಲಿ ವೆಲ್ಡರ್ ಅಣ್ಣ ಬೇರೆ ಊರಿನ ವರ್ಕ್‌ಶಾಪಿಗೆ ಸೇರಿದ. ಹೊಲಿಗೆಯಕ್ಕ ಮತ್ತೆ ಮಿಷನ್ನಿನ ಮುಂದೆ ಕೂತಿದ್ದಾಳೆ. ಮೆಟ್ಟಿಲು ಇಳಿಯುವಾಗ ಅದರ ಸದ್ದು ಕೇಳುತ್ತದೆ, ನನ್ನ ಹೆಜ್ಜೆ ಕೇಳಿದರೆ ನಿಲ್ಲುತ್ತದೆ. ಕೊನೆಯ ಮೂರು ವಾರ ಮೇಷ್ಟ್ರು ಮತ್ತು ನಾನು ಇಬ್ಬರೇ ಗಂಟೆಗೊಮ್ಮೆ ಇಕ್ಕಳ ಬದಲಾಯಿಸಿಕೊಂಡೆವು. ಮುಚ್ಚೋಣವೇ ಎಂದು ಅವರು ಕೇಳಿದಾಗ ಇದ್ದದ್ದು ಎರಡೇ ಕೈ. ಎರಡೂ ಎದ್ದವು. "ಅವತ್ತು ನಿಮ್ಮಪ್ಪನ ವಿಷಯಕ್ಕೆ ನಾನು ನಿನ್ನ ಹತ್ರ ಜಗಳ ಆಡ್ಬೇಕಿತ್ತು ಕಣಮ್ಮಾ. ನಾನೇ ಕಲಿಸಿದ್ದಲ್ವಾ, ಅದಕ್ಕೆ ಬಾಯಿ ಬರಲಿಲ್ಲ," ಎಂದರು.

ಕಟ್ಟಳೆ ತಪ್ಪೆಂದು ನಾನು ಈಗಲೂ ಹೇಳಲಾರೆ, ಅಪ್ಪ. ಸುಳ್ಳು ಹೇಳಿ ಪಡೆಯುವ ಕ್ಷಮೆ ನನಗೆ ಬೇಡ. ಅದೆಲ್ಲ ಸರಿಯೆಂದೇ ನಂಬಿದ್ದೇನೆ. ಆದರೆ ಆ ಭಾನುವಾರ ನನ್ನ ಕೈ ಕೆಳಗುಳಿದದ್ದು ಕಟ್ಟಳೆಗಾಗಿ ಮಾತ್ರವಲ್ಲ. ನೀನು ಇಕ್ಕಳ ಹಿಡಿದ ದಿನ ಅಷ್ಟು ಜನ ನಿನ್ನನ್ನು ಮೆಚ್ಚಿದರು, ಗೋಡೆಗೆ ಅಂಟಿಸಿದ ನನ್ನ ಕಟ್ಟಳೆಗಳನ್ನು ಯಾರೂ ಓದಲಿಲ್ಲ. ಇದನ್ನು ಸಭೆಯಲ್ಲಿ ಹೇಳಲಿಲ್ಲ. ನನಗೆ ನಾನೇ ಹೇಳಿಕೊಂಡದ್ದೂ ಈಗೀಗ.

ನಿನ್ನೆ ಮೂರು ಗಂಟೆಯ ಪಾಳಿಯ ಹೊತ್ತಿಗೆ ರಸ್ತೆ ದಾಟಿ ಬಂದೆ. ನಿನ್ನ ಸಾಲಿನಲ್ಲಿ ನಿಂತೆ. ಮುಂದೆ ಹದಿನಾಲ್ಕು ಜನರಿದ್ದರು. ಹದಿನಾಲ್ಕು ಜನ ಸರಿಯುವಷ್ಟು ಹೊತ್ತು ಕ್ಷಮೆ ಕೇಳುವ ಒಂದು ವಾಕ್ಯವನ್ನು ಬಾಯಲ್ಲಿ ಹಿಡಿದುಕೊಂಡಿದ್ದೆ. ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದವಳಿಗೆ ಆರು ಪದಗಳ ವಾಕ್ಯ ಏನು ಮಹಾ. ನನ್ನ ಸರದಿ ಬಂತು. ನೀನು ತಲೆ ಎತ್ತಿ ನನ್ನ ಮುಖವನ್ನೇ ನೋಡಿದೆ.

"ಏನು ಕೊಡ್ಲಿ?" ಎಂದೆ ನೀನು.

ನಾನು ಜಾಲರಿಯ ಕಡೆ ಬೆರಳು ತೋರಿಸಿದೆ.

"ಬಾಯಿಬಿಟ್ಟು ಹೇಳ್ಬೇಕು ಸ್ವಾಮಿ, ನಂಗೆ ಕಣ್ಣು ಅಷ್ಟಾಗಿ ಕಾಣಲ್ಲ."

ನನ್ನ ಹಿಂದಿದ್ದ ಕಂಡಕ್ಟರ್ ಹೇಳಿದ, "ಹೆಣ್ಣುಮಗಳು, ಯಜಮಾನ್ರೇ. ಪಕ್ಕೆಲುಬು ತೋರಿಸ್ತಿದಾರೆ."

"ಅಯ್ಯೋ, ಮಾತು ಬರಲ್ವಾ?" ಎಂದು ನೀನು ದನಿ ತಗ್ಗಿಸಿ ಕಂಡಕ್ಟರನ್ನು ಕೇಳಿದೆ. ಅವನು ಏನೆಂದನೋ. "ಪಾಪ," ಎಂದೆ. ಎಲ್ಲರಿಗೂ ಮೂರು ತುಂಡು ಹಾಕುತ್ತಿದ್ದವನು ನನಗೆ ನಾಲ್ಕು ಹಾಕಿದೆ. ಕೌಂಟರಿನವನು ನೋಡದಂತೆ ನಾಲ್ಕನೆಯದನ್ನು ಕೆಳಗಿಟ್ಟು ಮೇಲೆ ಮೂರನ್ನು ಜೋಡಿಸಿದೆ. "ತಗೊಳ್ಳಮ್ಮಾ, ಬಿಸಿ ಇದೆ, ಹುಷಾರು," ಎಂದು ನನ್ನ ಕೈಯನ್ನು ಹುಡುಕಿ ತಟ್ಟೆಯ ಅಂಚಿಗೆ ಹಿಡಿಸಿದೆ.

ಅದು ನಾನು, ಅಪ್ಪ.

ಮೆಟ್ಟಿಲ ಮೇಲೆ ಕೂತು ಮೂರನ್ನು ತಿಂದೆ. ಮೂಳೆಯಿಂದ ತಾನೇ ಬಿಟ್ಟುಕೊಂಡು ಬಂತು. ನಾಲ್ಕನೆಯದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದೆ. ಇಲ್ಲೇ ಮೇಜಿನ ಮೇಲೆ, ಈ ಹಾಳೆಯ ಪಕ್ಕದಲ್ಲಿದೆ. ಕೊಬ್ಬು ಹೆಪ್ಪುಗಟ್ಟಿದೆ. ಎಸೆಯಲು ಎರಡು ಸಲ ಎದ್ದೆ.

ನಿನ್ನ ಮಗಳು